ಓಢಣಿ ತೆಗೆಯಲು ಮರೆತ ಭಾನುವಾರ

ಮೂರು-ನಾಲ್ಕು ವರ್ಷದ ಮಕ್ಕಳ ಮುಂದೆ ಕುಳಿತು 'ಮೊದಲು ಏನೂ ಇರಲಿಲ್ಲ' ಎಂದು ಹೇಳಿ ನೋಡಿ. ಚೌಡಾಪುರದ ನಮ್ಮ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ನಾನು ಹಾಗೆ ಹೇಳಿದ ದಿನ ಮುಂದಿನ ಸಾಲಿನ ಒಬ್ಬ ಕೈ ಎತ್ತಿದ.

"ಬಿಸ್ಕೀಟೂ ಇರ್ಲಿಲ್ರೀ?"

ಇರಲಿಲ್ಲ ಅಂದೆ.

"ಬಸ್ಸು?"

ಅದೂ ಇರಲಿಲ್ಲ.

"ನಮ್ಮ ಆಯಿ?"

ಆಯಿ ಅಂದರೆ ಇಲ್ಲಿ ಅಜ್ಜಿ. ಆಯಿಯೂ ಇರಲಿಲ್ಲ ಅಂದದ್ದೇ ತಡ, ಇಡೀ ಸಾಲು ಬಿದ್ದು ಬಿದ್ದು ನಕ್ಕಿತು. ಅಕ್ಕೋರು, ಅಂದರೆ ಟೀಚರ್, ಸುಳ್ಳು ಹೇಳುತ್ತಾರೆ ಎಂದು ಅವರಿಗೆ ಖಾತ್ರಿಯಾಯಿತು. ಆಯಿ ಇಲ್ಲದ ಒಂದು ಕಾಲವನ್ನು ನಂಬಲು ಅವರು ಯಾರೂ ತಯಾರಿರಲಿಲ್ಲ.

ನಾನು ಅಫಜಲಪುರದ ಒಂದು ಖಾಸಗಿ ನರ್ಸರಿಯಲ್ಲಿ ಕಲಿಸುತ್ತೇನೆ. ಭಾನುವಾರ ಮಾತ್ರ ಬೆಳಗಿನ ಬಸ್ಸು ಹಿಡಿದು ಚೌಡಾಪುರಕ್ಕೆ ಬಂದು ಸಂಡೇ ಸ್ಕೂಲಿನ ತೀರಾ ಚಿಕ್ಕ ಮಕ್ಕಳ ತರಗತಿ ನೋಡಿಕೊಳ್ಳುತ್ತೇನೆ. ಮಕ್ಕಳು ಹೆಚ್ಚಾಗಿ ಕೂಲಿಗೆ ಹೋಗುವವರ ಮನೆಯವರು. ಕೆಲವರು ಗಾಣಗಾಪುರದಿಂದ ಬರುತ್ತಾರೆ, ಅವರ ತಂದೆತಾಯಿ ಅಲ್ಲಿಯ ಲಾಡ್ಜುಗಳಲ್ಲಿ, ಅಂಗಡಿಗಳಲ್ಲಿ ದುಡಿಯುತ್ತಾರೆ. ಈ ವರ್ಷ ಜೂನ್‌ನಲ್ಲಿ ಶಾಲೆಗಳು ತೆರೆದಾಗ ದೇವರು ಲೋಕವನ್ನು ಉಂಟುಮಾಡಿದ ಕಥೆಯನ್ನು ನಾನೇ ಕೇಳಿ ತೆಗೆದುಕೊಂಡೆ. ಆಷಾಢದಲ್ಲಿ ಜೇವರ್ಗಿಯಿಂದ ಹಿರಿಯ ಪಾಸ್ಟರ್ ಪಾಠ ನೋಡಲು ಬರುವವರಿದ್ದರು. ಅವರಿಗೆ ಹಿಡಿಸಿದರೆ ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆಯ ಸಂಡೇ ಸ್ಕೂಲ್ ಅಕ್ಕೋರಿಗೆ ತರಬೇತಿ ಕೊಡುವ ಕೆಲಸ ನನ್ನದಾಗುತ್ತಿತ್ತು. ಅದು ನನಗೆ ಬೇಕಿತ್ತು. ಸೇವೆಯ ಆಸೆ, ಅದು ಇದು ಎಂದು ಸುತ್ತಿ ಬಳಸಿ ಹೇಳುವುದಿಲ್ಲ. ನಾಲ್ಕು ಜನರ ಮುಂದೆ ನಿಂತು 'ಹೀಗೆ ಕಲಿಸಬೇಕು' ಎಂದು ಹೇಳುವ ಹಸಿವು ನನಗೆ ಮೊದಲಿಂದಲೂ ಇದೆ.

ಮೊದಲ ಪಾಠ ಕತ್ತಲೆ ಮತ್ತು ಬೆಳಕು. ಬಾಯಿಂದ ಹೇಳಿದರೆ ಮಕ್ಕಳಿಗೆ ಹತ್ತುವುದಿಲ್ಲ, ಮಾಡಿ ತೋರಿಸಬೇಕು ಎನ್ನುವುದು ನನ್ನ ಪದ್ಧತಿ. ಕಿಟಕಿಗಳನ್ನು ಮುಚ್ಚಿ, ಬಾಗಿಲಿಗೆ ಜಮಖಾನ ತೂಗುಹಾಕಿದೆ. ತಗಡಿನ ಮಾಡಿನ ತೂತುಗಳಿಂದ ಬರುವ ಬೆಳಕಿಗೂ ಒಳಗಿನಿಂದ ಕಾಗದ ಅಂಟಿಸಿದ್ದೆ. ಚೀಲದಲ್ಲಿ ಟಾರ್ಚು ಇತ್ತು. ಎಲ್ಲ ಕತ್ತಲಾದ ಮೇಲೆ ಗಂಭೀರ ದನಿಯಲ್ಲಿ ಬೆಳಕನ್ನು ಕರೆದು ಟಾರ್ಚು ಹಚ್ಚುವುದು ಎಂದು ಲೆಕ್ಕ ಹಾಕಿದ್ದೆ.

ನನ್ನ ಗಂಭೀರ ದನಿ ಹೊರಡುವ ಮೊದಲೇ ಒಬ್ಬಳು ಚೀರಿದಳು. ಅವಳನ್ನು ನೋಡಿ, ಅಲ್ಲ, ಕೇಳಿ ಎಲ್ಲರೂ ಶುರುಮಾಡಿದರು. ಒಬ್ಬ ಕೂತಲ್ಲೇ ಉಚ್ಚೆ ಹೊಯ್ದುಕೊಂಡ. ನಾನು ಟಾರ್ಚಿನ ಗುಂಡಿ ಒತ್ತಿದೆ, ಒತ್ತಿದೆ, ಹತ್ತಲಿಲ್ಲ. ಅಷ್ಟರಲ್ಲಿ ಪಕ್ಕದ ಚಹಾ ಅಂಗಡಿಯ ಚಾಚಾ ಓಡಿಬಂದು ಜಮಖಾನ ಕಿತ್ತು ಎಳೆದ.

"ಯಾ ಅಲ್ಲಾ! ಏನಾತ್ರಿ ಅಕ್ಕೋರ? ಬಚ್ಚಾಗೋಳು ಯಾಕ ಹಿಂಗ ಅಳಾಕತ್ತಾವ?"

ಬಾಗಿಲಿಂದ ಬಿಸಿಲು ನುಗ್ಗಿತು. ಮಕ್ಕಳು ಗಪ್ಪಾದರು. ಮುಂದಿನ ವಾರ ನಾನು 'ಬೆಳಕನ್ನು ಮಾಡಿದವರು ಯಾರು?' ಎಂದು ಕೇಳಿದಾಗ ಅರ್ಧ ತರಗತಿ ಒಂದೇ ದನಿಯಲ್ಲಿ 'ಚಾಚಾ!' ಎಂದಿತು. ಇದನ್ನು ನರ್ಸರಿಯಲ್ಲಿ ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕೆವು. ಈ ವಯಸ್ಸಿನ ಮಕ್ಕಳು ಯಾರನ್ನು ಕಣ್ಣಾರೆ ಕಂಡರೋ ಅವರನ್ನೇ ನಂಬುತ್ತಾರೆ ಎಂಬ ಮಾತು ಅಲ್ಲಿಯೇ ನನ್ನ ಕಣ್ಣ ಮುಂದಿತ್ತು. ನಾನು ಅದರಿಂದ ಕಲಿತದ್ದು ಬೇರೆ. ಚಾಚಾ ದೇವರಾಗುವ ಬದಲು ನಾನೇ ಯಾಕೆ ಆಗಬಾರದು ಎಂದುಕೊಂಡೆ.

ಹಾಗೆ ಬಂದದ್ದು ಓಢಣಿ. ನನ್ನ ಹತ್ತಿರ ಒಂದು ಅಚ್ಚ ಬಿಳಿ ಓಢಣಿ, ಅಂದರೆ ದುಪಟ್ಟಾ, ಇತ್ತು. ಮಕ್ಕಳಿಗೆ ಒಂದು ಕಟ್ಟಳೆ ಮಾಡಿಕೊಟ್ಟೆ. ಓಢಣಿ ಹೆಗಲ ಮೇಲಿದ್ದರೆ ನಾನು ಅಕ್ಕೋರು. ತಲೆಯ ಮೇಲೆ ಬಂದರೆ ದೇವರು. ದೇವರು ಬಂದಾಗ ಯಾರೂ ಮಾತಾಡಬಾರದು, ದೇವರು ಏನು ಮಾಡುತ್ತಾನೆ ನೋಡುತ್ತಿರಬೇಕು. ಮಕ್ಕಳು ಇದನ್ನು ಎಷ್ಟು ಬೇಗ ಹಿಡಿದುಕೊಂಡರೆಂದರೆ ನನಗೇ ಸೋಜಿಗವಾಯಿತು. ಗದ್ದಲ ಮಾಡುತ್ತಿದ್ದವರು ನನ್ನ ಕೈ ಓಢಣಿಯ ಅಂಚಿಗೆ ಹೋದದ್ದೇ ಬಾಯಿ ಮುಚ್ಚಿ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಬೈಯುವುದಿದ್ದರೆ, ಮೂಗು ಒರೆಸುವುದಿದ್ದರೆ ಓಢಣಿ ಹೆಗಲಿಗೆ. ನೀರನ್ನು ನೆಲದಿಂದ ಬೇರೆ ಮಾಡುವುದಿದ್ದರೆ ತಲೆಗೆ. ನಮ್ಮ ಚೌಡಾಪುರದ ಪಾಸ್ಟರ್ ಒಂದು ದಿನ ಬಾಗಿಲಲ್ಲಿ ನಿಂತು ನೋಡಿ, "ಭಾಳ ಛಂದ್ ಮಾಡೀರಿ ಅಕ್ಕೋರ, ಆದ್ರ ಜರಾ ಹುಷಾರ್ರಿ" ಅಂದರು. ಯಾವುದಕ್ಕೆ ಹುಷಾರು ಎಂದು ನಾನು ಕೇಳಲಿಲ್ಲ. ಹೊಗಳಿಕೆಯನ್ನಷ್ಟೇ ಕಟ್ಟಿಕೊಂಡು ಬಸ್ಸು ಹತ್ತಿದೆ.

ಗಿಡಗಳ ಪಾಠಕ್ಕೆ ತೆಂಗಿನ ಕರಟದಲ್ಲಿ ಜೋಳ ಮೊಳಕೆ ಬರಿಸಿದೆವು. ಆಗಲೇ ಸಣ್ಣಾಕಿ ನನ್ನ ಕಣ್ಣಿಗೆ ಬಿದ್ದದ್ದು. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ್ದರಿಂದ ಸಣ್ಣಾಕಿ ಎಂದು ಕರೆಯುತ್ತಿದ್ದರು, ನಾವೂ ಹಾಗೇ ಕರೆದೆವು. ನಾಲ್ಕು ತುಂಬಿತ್ತೋ ಇಲ್ಲವೋ. ಉಳಿದ ಮಕ್ಕಳ ಕರಟದಲ್ಲಿ ಜೋಳ ಕೊಳೆತು ನಾತ ಹೊಡೆದರೆ ಅವಳದ್ದು ಬೆರಳುದ್ದ ಬಂದಿತ್ತು. ಏನು ಮಾಡಿದೆ ಎಂದು ಕೇಳಿದರೆ, "ದಿನಾ ಮಾತಾಡ್ಸಿದ್ನಿರಿ" ಅಂದಳು. ಅವಳ ಅವ್ವ ಗಾಣಗಾಪುರದ ಒಂದು ಲಾಡ್ಜಿನಲ್ಲಿ ಚಾದರ ಒಗೆಯುವ ಕೆಲಸದವಳು. ಒಂದು ಕಷ್ಟದ ಬಾಣಂತನದ ನಂತರ ನಮ್ಮ ಪ್ರಾರ್ಥನೆಗೆ ಬರಲು ಶುರುಮಾಡಿದ್ದಳು. ಗಂಡನ ಮನೆಯಲ್ಲಿ ಉಳಿದವರು ಯಾರೂ ಬರುತ್ತಿರಲಿಲ್ಲ. ಅತ್ತೆ, ಅಂದರೆ ಸಣ್ಣಾಕಿಯ ಆಯಿ, ಗುಡಿಯ ಹಾದಿಯಲ್ಲಿ ಹೂವು ಕಾಯಿ ಮಾರುತ್ತಾಳೆ. "ಹುಡುಗಿ ಹೋಗ್ಲಿ ಬಿಡು, ಕಥಿ ಕೇಳ್ಲಿ. ಕಥಿಗ್ಯಾವ ಜಾತಿ" ಎಂದು ಅವಳೇ ಮೊಮ್ಮಗಳನ್ನು ಕಳಿಸಿಕೊಟ್ಟಿದ್ದಳು. ಆ ಒಂದು ಮಾತಿನ ಮೇಲೆ ಆ ತಾಯಿ-ಮಗಳು ನಮ್ಮಲ್ಲಿಗೆ ಬರುತ್ತಿದ್ದರು. ಇದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವಂತಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

ಸೂರ್ಯ, ಚಂದ್ರ, ಮೀನು, ಹಕ್ಕಿ ಎಲ್ಲ ಮುಗಿದು ಮನುಷ್ಯನ ಪಾಠ ಬರುವ ಹೊತ್ತಿಗೆ ಆಷಾಢ ಹಿಡಿದಿತ್ತು. ಹಿರಿಯ ಪಾಸ್ಟರ್ ಮರುವಾರ ಬರುತ್ತಾರೆಂದು ಸುದ್ದಿ ಬಂತು. ಮಕ್ಕಳು ಮಣ್ಣಿನಲ್ಲಿ ಮೊದಲ ಮನುಷ್ಯನನ್ನು ಮಾಡುವುದು, ಅದರ ಮೂಗಿಗೆ ಉಸಿರು ಊದುವುದು, ಒಣಗಿದ ಗೊಂಬೆಗಳನ್ನು ಸಾಲಾಗಿ ಇಟ್ಟು ಅವರಿಗೆ ತೋರಿಸುವುದು. ಇದು ನನ್ನ ಇಡೀ ಪಾಠಮಾಲೆಯ ಕಳಶ.

ಮಣ್ಣಿಗಾಗಿ ನಾನು ಪಟ್ಟ ಪಾಡು ನನಗೇ ಗೊತ್ತು. ನಮ್ಮ ಎರೆಮಣ್ಣು ಹಸಿಯಿದ್ದಾಗ ಕೈಬಿಡುವುದಿಲ್ಲ, ಒಣಗಿದರೆ ಬಿರುಕು ಬಿಡದೆ ಇರುವುದಿಲ್ಲ. ಮೊದಲು ಮಾಡಿ ನೋಡಿದ ಗೊಂಬೆಗಳ ಕುತ್ತಿಗೆ ಒಂದೊಂದಾಗಿ ಕಳಚಿಬಿದ್ದವು. ಹಳ್ಳದ ದಂಡೆಯ ಜಿಗುಟು ಮಣ್ಣು ತಂದು, ಕಲ್ಲು ಬೇರು ಆರಿಸಿ, ಬಕೇಟಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಬೂದಿ ಮತ್ತು ಹಿಂಜಿದ ಹತ್ತಿ ಸೇರಿಸಿ ನಾದಿದೆ. ಚಪಾತಿ ಹಿಟ್ಟಿಗಿಂತ ಒಂದಿಷ್ಟು ಗಟ್ಟಿ. ಹಸಿ ಬಟ್ಟೆ ಸುತ್ತಿ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ. ಕಂಡಕ್ಟರ್, "ಏನ್ರಿ ಅಕ್ಕೋರ, ಹೋಳಿಗಿ ಏನು?" ಎಂದು ಕೇಳಿದ. ಮನುಷ್ಯಾ ಅದಾನ್ರಿ ಒಳಗ, ಅಂದೆ. ಅಷ್ಟು ಹುರುಪಿನಲ್ಲಿದ್ದೆ ನಾನು.

ಓಢಣಿ ತಲೆಗೆ ಹಾಕಿಕೊಂಡು ಮೊದಲು ನಾನೊಂದು ಗೊಂಬೆ ಮಾಡಿ ತೋರಿಸಿದೆ. ತಲೆಯ ಉಂಡೆ, ಮೈಯ ಉಂಡೆ, ಕೈಕಾಲಿನ ಬತ್ತಿ. ಬೆಂಕಿಕಡ್ಡಿಯಿಂದ ಮೂಗಿನ ಹೊಳ್ಳೆಗಳನ್ನು ಚುಚ್ಚಿ, ಬಾಗಿ, ಮೆಲ್ಲಗೆ ಊದಿದೆ. "ಈಗ ಇವನಿಗೆ ಜೀವ ಬಂತು" ಅಂದೆ. ಮಕ್ಕಳ ಕಣ್ಣು ನೋಡಬೇಕಿತ್ತು. ಆ ಕಣ್ಣುಗಳಿಗಾಗಿಯೇ ಟೀಚರ್ ಆದವಳು ನಾನು. ಎಲ್ಲರಿಗೂ ಒಂದೊಂದು ಮುದ್ದೆ ಕೊಟ್ಟು, ಒಬ್ಬೊಬ್ಬರ ಹತ್ತಿರ ಹೋಗಿ ಹೊಳ್ಳೆ ಚುಚ್ಚಿಕೊಡುತ್ತ, ಊದಿಸುತ್ತ ಬಂದೆ. ಓಢಣಿ ತಲೆಯ ಮೇಲೆಯೇ ಉಳಿಯಿತು.

ಸಣ್ಣಾಕಿಯ ಮುದ್ದೆ ನಿಂತಿರಲಿಲ್ಲ, ಕೂತಿತ್ತು. ಕೆಳಗೆ ಅಗಲ, ಮೇಲೆ ಚೂಪು. ಎದೆಯ ಮೇಲೆ, ತಲೆಯ ಸುತ್ತ ಸಾಲುಸಾಲಾಗಿ ಬಿಳಿಯ ಕುಸುಬಿ ಕಾಳು ಒತ್ತಿದ್ದಳು. ಈ ವಾರ ಮಣ್ಣಿನ ಕೆಲಸ ಎಂದು ಮೊದಲೇ ಹೇಳಿದ್ದೆ, ಕಾಳನ್ನು ಮನೆಯಿಂದಲೇ ಲಂಗದ ಮಡಿಲಲ್ಲಿ ತಂದಿರಬೇಕು. ಕಂಡೊಡನೆ ಗೊತ್ತಾಯಿತು. ಗುಳ್ಳವ್ವ. ಆಷಾಢದ ಮಂಗಳವಾರಗಳಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳು ಮಣ್ಣಿನಲ್ಲಿ ಮಾಡಿ, ಕಾಳು ಗುಲಗಂಜಿ ಒತ್ತಿ ಸಿಂಗರಿಸಿ, ಆರತಿ ಎತ್ತಿ ಹಾಡಿ, ಮರುದಿನ ನೀರಿಗೆ ಬಿಡುವ ದೇವಿ. ಆ ತಿಂಗಳು ಯಾವ ಹುಡುಗಿಯ ಕೈಗೆ ಮಣ್ಣು ಕೊಟ್ಟರೂ ಅದು ಗುಳ್ಳವ್ವನೇ ಆಗುತ್ತಾಳೆ. ನಾನು ಇದೇ ಸೀಮೆಯವಳಾಗಿ, ಮಣ್ಣಿನ ಪಾಠವನ್ನು ಆಷಾಢಕ್ಕೇ ಇಟ್ಟುಕೊಂಡಿದ್ದೆ.

"ಇದು ಯಾರು?" ಅಂದೆ.

"ಇಕಿ ಗುಳ್ಳವ್ವ ಅದಾಳ್ರಿ."

"ಗುಳ್ಳವ್ವ ಅಲ್ಲವಾ. ಮೊದಲ ಮನುಷ್ಯಾನ ಮಾಡು. ಕೈಕಾಲು ಮಾಡು."

"ಇಕಿ ಕಾಲ್ ಮಡಚ್ಯಾಳ್ರಿ. ಕುಂತಾಳ." ಹೇಳಿ, ಗೊಂಬೆಯನ್ನು ಎತ್ತಿ ನನ್ನ ಕಿವಿಯ ಹತ್ತಿರ ತಂದಳು. "ನಾನೇ ಊದೀನ್ರಿ. ಉಸರಾಡಾಕತ್ತಾಳ. ಕೇಳ್ರಿ."

ನಾನು ಕೇಳಲಿಲ್ಲ. ನನ್ನ ತಲೆಯಲ್ಲಿ ಮುಂದಿನ ಭಾನುವಾರ ಓಡುತ್ತಿತ್ತು. ಸಾಲಾಗಿ ನಿಂತ ಮನುಷ್ಯರ ನಡುವೆ ಕುಸುಬಿ ಕಾಳಿನ ಗುಳ್ಳವ್ವ, ಅದನ್ನು ನೋಡಿ ಹುಬ್ಬೇರಿಸುವ ಹಿರಿಯ ಪಾಸ್ಟರ್. ಇನ್ನೊಂದು ಮಾತೂ ಇದೆ. ಚಿಕ್ಕಂದಿನಲ್ಲಿ ನಾನೂ ನೆರೆಮನೆಯ ಗುಳ್ಳವ್ವನ ಮುಂದೆ ಕೂತು ಹಾಡಿ, ಪ್ರಸಾದದ ಸಿಹಿ ಚೊಂಗೆ ತಿಂದು ಬಂದು ನನ್ನ ಅಪ್ಪನಿಂದ ಬೆತ್ತದ ಏಟು ತಿಂದವಳು. ಏಟು ತಿಂದವರು ಮೆತ್ತಗಾಗುತ್ತಾರೆ ಎನ್ನುವುದು ಸುಳ್ಳು. ನನ್ನೊಳಗೆ ಆ ಬೆತ್ತ ಹಾಗೇ ಇತ್ತು.

ಗೊಂಬೆಯನ್ನು ಅವಳ ಕೈಯಿಂದ ತೆಗೆದುಕೊಂಡು ಎರಡೂ ಅಂಗೈ ನಡುವೆ ಒತ್ತಿ ಹಿಸುಕಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ನನಗೆ ನಿಮಿಷವೂ ಬೇಕಾಗಲಿಲ್ಲ. ಕಾಳುಗಳು ಮಣ್ಣಿನೊಳಗೆ ಹೋದವು. ಉಂಡೆ ಕಟ್ಟಿ, ಬತ್ತಿ ಎಳೆದು, ಕೈಕಾಲು ಮಾಡಿ, ಹೊಳ್ಳೆ ಚುಚ್ಚಿ ಅವಳ ಮುಂದಿಟ್ಟೆ.

"ಇವಗ ಊದು."

ಅವಳು ಊದಲಿಲ್ಲ. ಅಳಲೂ ಇಲ್ಲ. ನನ್ನ ಮುಖ ನೋಡಲಿಲ್ಲ, ಅದಕ್ಕಿಂತ ಸ್ವಲ್ಪ ಮೇಲೆ, ನನ್ನ ತಲೆಯನ್ನು ನೋಡಿದಳು. ಯಾಕೆ ಅಲ್ಲಿ ನೋಡುತ್ತಾಳೆ ಎಂದು ನನಗೆ ಆಗ ಹೊಳೆಯಲಿಲ್ಲ.

ಮರುವಾರ ಹಿರಿಯ ಪಾಸ್ಟರ್ ಬಂದರು. ಸಣ್ಣಾಕಿ ಬಂದಿರಲಿಲ್ಲ, ಅವ್ವ ಒಬ್ಬಳೇ ಬಂದು ಹಿಂದೆ ಕೂತಿದ್ದಳು. ನನಗೆ ನಿಜ ಹೇಳಬೇಕೆಂದರೆ ಸಮಾಧಾನವೇ ಆಯಿತು. ಪಾಠ ಚೆನ್ನಾಗಿ ನಡೆಯಿತು. ಮಕ್ಕಳು ಕತ್ತಲೆಯಿಂದ ಹಿಡಿದು ಮನುಷ್ಯನವರೆಗೆ ಒಂದೂ ತಪ್ಪದೆ ಹೇಳಿದರು, ಚಾಚಾನ ಹೆಸರೂ ಬರಲಿಲ್ಲ. ಗೊಂಬೆಗಳ ಸಾಲು ನೋಡಿ ಹಿರಿಯ ಪಾಸ್ಟರ್ ಮುಗುಳ್ನಕ್ಕು, "ಎಲ್ಲಾರೂ ಮನುಷ್ಯಾನ್ನೇ ಮಾಡೀರೇನು?" ಎಂದು ಮಕ್ಕಳನ್ನು ಮಾತಾಡಿಸಿದರು.

"ಸಣ್ಣಾಕಿ ಗುಳ್ಳವ್ವನ್ನ ಮಾಡಿದ್ಳರೀ!" ಎಂದು ಎಲ್ಲರೂ ಕೂಗಿದರು.

ಅವರ ನಗು ಹೋಯಿತು. ನನ್ನ ಕಡೆ ನೋಡಿದರು. ನಾನು ಆಗ 'ತಪ್ಪು ನನ್ನದು, ಆಷಾಢದಲ್ಲಿ ಮಣ್ಣು ಕೊಟ್ಟೆ' ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ಅಂದದ್ದು ಇದು: "ನಾವು ಇಲ್ಲಿ ಎಷ್ಟು ಕಲಿಸಿದ್ರೂ ಮನ್ಯಾಗ ನಡ್ಯೂದು ಬ್ಯಾರೆ ಇರ್ತದಲ್ರಿ." ಹೇಳುತ್ತ ಹಿಂದಿನ ಸಾಲಿನತ್ತ ನೋಡಿದೆ ಕೂಡ. ಕಣ್ಣಿನಿಂದಲೇ ತೋರಿಸಿಕೊಟ್ಟೆ.

ಅವರು ಸಿಟ್ಟಾಗಲಿಲ್ಲ, ಮೆತ್ತಗೇ ಮಾತಾಡಿದರು. ಆದರೆ ಎಲ್ಲರ ಮುಂದೆ ಮಾತಾಡಿದರು. ಎರಡು ದೋಣಿಯಲ್ಲಿ ಕಾಲಿಡುವ ಮನೆಗಳ ಬಗ್ಗೆ, ತಾಯಂದಿರ ಜವಾಬ್ದಾರಿಯ ಬಗ್ಗೆ. ಯಾರ ಹೆಸರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ, ಎಲ್ಲರೂ ಕುತ್ತಿಗೆ ತಿರುಗಿಸಿ ಅವಳನ್ನೇ ನೋಡುತ್ತಿದ್ದರು. ಅವಳು ಚಾದರ ಒಗೆಯುವ ಸೋಡಾದ ನೀರಿನಲ್ಲಿ ಬಿಳಿಚಿಕೊಂಡ ತನ್ನ ಬೆರಳುಗಳನ್ನು ನೋಡುತ್ತ ಕೂತಿದ್ದಳು. ಆಮೇಲೆ ಹಿರಿಯ ಪಾಸ್ಟರ್ ನನ್ನನ್ನು ಹೊರಗೆ ಕರೆದು, ತರಬೇತಿಯ ಕೆಲಸ ನೀವೇ ನೋಡಿಕೊಳ್ಳಬೇಕು ಅಂದರು. ಹೂಂ ಅಂದೆ.

ಎಲ್ಲರೂ ಹೋದ ಮೇಲೆ ಜಮಖಾನ ಮಡಚಲು ಸಣ್ಣಾಕಿಯ ಅವ್ವ ಇನ್ನೊಂದು ತುದಿ ಹಿಡಿದಳು. ಮಡಿಕೆ ಮೇಲೆ ಮಡಿಕೆ ಹಾಕುತ್ತ ಇಬ್ಬರೂ ಹತ್ತಿರ ಬಂದಾಗ ತಲೆ ಎತ್ತದೆ ಹೇಳಿದಳು.

"ಅಕ್ಕೋರ, ಒಂದ್ ಮಾತ್ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ಹುಡುಗಿ ಬರಂಗಿಲ್ಲ ಅಂತಾಳ್ರಿ."

"ಯಾಕ? ನಾ ಬೈದಿಲ್ಲಲ್ಲ?"

"ಬೈದೀರಿ ಅಂತ ಅಲ್ರಿ. ನಿಮ್ ಮ್ಯಾಲ ಅಕಿಗಿ ಸಿಟ್ಟಿಲ್ರಿ. 'ಅಲ್ಲಿ ದೇವರು ಬರ್ತಾನ, ನನ್ನ ಗುಳ್ಳವ್ವಗ ಜೀವ ಬಂದಿತ್ತು, ದೇವರು ಕೊಂದ' ಅಂತಾಳ್ರಿ." ಜಮಖಾನವನ್ನು ನನ್ನ ಕೈಗೆ ಕೊಟ್ಟಳು. "ಸಂಜಿಮುಂದ ಪ್ರಾರ್ಥನಾ ಮಾಡಾಕ ನಾ ತಲಿಮ್ಯಾಲ ಸೆರಗು ಹಾಕ್ಕೊಂಡ್ರ ಸಾಕ್ರಿ, ಮೂಗು ಮುಚ್ಕೊಂಡು ಮೂಲ್ಯಾಗ ಹೋಗಿ ಕುಂದರ್ತಾಳ. ದೇವರಿಗೆ ಉಸರು ಕಾಣಿಸಬಾರದಂತ್ರಿ."

ಆಗ ನನ್ನ ಕೈ ತಾನಾಗಿಯೇ ತಲೆಗೆ ಹೋಯಿತು. ಆ ಹೊತ್ತಿಗೆ ಓಢಣಿ ಹೆಗಲ ಮೇಲೇ ಇತ್ತು. ಹಿಂದಿನ ಭಾನುವಾರ ತಲೆಯ ಮೇಲಿತ್ತು. ಸಣ್ಣಾಕಿ ನೋಡಿದ್ದು ಅದನ್ನೇ. ನಾನೇ ಮಾಡಿಕೊಟ್ಟ ಕಟ್ಟಳೆಯ ಪ್ರಕಾರ ಅವಳ ಗುಳ್ಳವ್ವನನ್ನು ಹಿಸುಕಿದವಳು ಅಕ್ಕೋರು ಅಲ್ಲ. ಅಕ್ಕೋರು ಹಿಸುಕಿದ್ದರೆ ಅವಳು ಅತ್ತು, ಮುನಿಸಿಕೊಂಡು, ಮುಂದಿನ ವಾರ ಒಂದು ಬಿಸ್ಕೀಟಿಗೆ ರಾಜಿಯಾಗುತ್ತಿದ್ದಳು. ಮಣ್ಣಿಗೆ ಜೀವ ಬರುತ್ತದೆ ಎಂದು ನಂಬಿಸಿದವಳೂ ನಾನೇ, ಜೀವ ಬಂದದ್ದನ್ನು ಹಿಸುಕಿದವಳೂ ನಾನೇ, ಆ ಕೆಲಸವನ್ನು ದೇವರ ತಲೆಗೆ ಕಟ್ಟಿದವಳೂ ನಾನೇ. ಅದೂ ಸಾಲದೆಂದು ಆಗಷ್ಟೇ ಆ ಮಗುವಿನ ತಾಯಿಯನ್ನು ಸಭೆಯ ಮುಂದೆ ಹಿಡಿದುಕೊಟ್ಟಿದ್ದೆ.

ಆಗಲೇ ಅವಳ ಕೈಹಿಡಿದು ಏನಾದರೂ ಹೇಳಬೇಕಿತ್ತು. "ನಾನು ನೋಡ್ತೇನಿ" ಎಂದಷ್ಟೇ ಅಂದು ಬಸ್ಸಿಗೆ ಓಡಿದೆ. ಆ ವಾರ ಗಾಣಗಾಪುರಕ್ಕೆ ಹೋಗಬಹುದಿತ್ತು. ನರ್ಸರಿಯಲ್ಲಿ ರಜೆ ಇಲ್ಲ, ಮಳೆ ಬರುವಂತಿದೆ ಎಂದು ನನಗೆ ನಾನೇ ನೆವ ಹೇಳಿಕೊಂಡೆ. ಮಳೆ ಹನಿಯೂ ಬೀಳಲಿಲ್ಲ. ಹಿರಿಯ ಪಾಸ್ಟರಿಗೆ ಫೋನು ಮಾಡಿ ನಡೆದದ್ದನ್ನು ಹೇಳಿದೆ, ಆ ತಾಯಿಯ ತಪ್ಪು ಏನೂ ಇರಲಿಲ್ಲ ಅಂದೆ. ಅವರು ಕೇಳಿಸಿಕೊಂಡು, "ಸಣ್ಣ ವಿಷಯ ಬಿಡ್ರಿ, ಹುಡುಗುರು ಮರೀತಾವ. ನೀವು ತರಬೇತಿ ಶುರು ಮಾಡ್ರಿ" ಅಂದರು. ಬೈದಿದ್ದರೆ ಚೆನ್ನಾಗಿತ್ತು. ಉಳಿದ ಅಕ್ಕೋರಿಗೆ ಕಲಿಸಲು ನನಗೀಗ ಮುಖವಿಲ್ಲ, ಬೇರೆ ಯಾರಿಗಾದರೂ ಹೇಳಿ ಎಂದು ಫೋನಿಟ್ಟೆ. ದೊಡ್ಡ ತ್ಯಾಗವೇನಲ್ಲ. ಆ ಹಸಿವು ಅಷ್ಟು ಹೊತ್ತಿಗೆ ಸತ್ತುಹೋಗಿತ್ತು.

ಮುಂದಿನ ಭಾನುವಾರ ಓಢಣಿಯನ್ನು ಮಡಚಿ ಮಕ್ಕಳ ಮುಂದೆ ನೆಲದ ಮೇಲೆ ಇಟ್ಟೆ. ನಾನು ದೇವರಲ್ಲ, ಸುಮ್ಮನೆ ಹಾಗೆ ಆಡುತ್ತಿದ್ದೆ, ಸಣ್ಣಾಕಿಯ ಗುಳ್ಳವ್ವನನ್ನು ಹಿಸುಕಿದವಳು ನಾನು, ಅದು ತಪ್ಪು ಎಂದು ಹೇಳಿದೆ. ಬಿಸ್ಕೀಟಿನ ಪ್ರಶ್ನೆ ಕೇಳಿದ್ದ ಹುಡುಗ ನನ್ನನ್ನು ಕನಿಕರದಿಂದ ನೋಡಿದ.

"ನಮಗ ಗೊತ್ತಿತ್ರಿ ಅಕ್ಕೋರ. ದೇವರು ಬಸ್ಸಿನ್ಯಾಗ ಬರಂಗಿಲ್ಲ."

ಎಲ್ಲರೂ ಹೌದು ಹೌದು ಎಂದು ತಲೆ ಆಡಿಸಿದರು. ಹಿಂದೆ ದೊಡ್ಡವರು ನಕ್ಕರು, ನನಗೂ ನಗು ಬಂತು. ಆದರೆ ಯಾರಿಗೆ ಗೊತ್ತಿರಲಿಲ್ಲವೋ ಅವಳು ಅಲ್ಲಿರಲಿಲ್ಲ. ಆ ದಿನ ಅವಳ ಅವ್ವನೂ ಬಂದಿರಲಿಲ್ಲ.

ಮಂಗಳವಾರ ಅರ್ಧ ದಿನ ರಜೆ ಹಾಕಿ ಹೊರಟೆ. ಓಢಣಿಯನ್ನು ಮನೆಯಲ್ಲೇ ಬಿಟ್ಟು, ಬಣ್ಣದ ಸೀರೆ ಉಟ್ಟು ಹೋದೆ. ಚೌಡಾಪುರದಲ್ಲಿ ಇಳಿದು, ಪುಣೆ ಕಡೆಯ ಯಾತ್ರಿಕರ ಜೊತೆ ಟಂಟಂ ಆಟೋ ಹತ್ತಿ ಗಾಣಗಾಪುರ ಸೇರಿದೆ. ಲಾಡ್ಜುಗಳ ಹಿಂದಿನ ಓಣಿ. ಹಗ್ಗದ ತುಂಬ ಬಿಳಿ ಚಾದರಗಳು. ಅವುಗಳ ಕೆಳಗೆ ಬಾಗಿ ಬಾಗಿ ಹೋಗಬೇಕಾಯಿತು. ಒಂದು ಹಸಿ ಚಾದರ ತಲೆಗೆ ಅಂಟಿಕೊಂಡಿತು. ಬೆಂಕಿ ಮುಟ್ಟಿದವಳಂತೆ ಕಿತ್ತು ಹಾಕಿದೆ.

ಆಯಿ ಕಟ್ಟೆಯ ಮೇಲೆ ಕೂತು ಹೂವು ಕಟ್ಟುತ್ತಿದ್ದಳು. ಯಾರೆಂದು ಹೇಳಿದೆ. ಬಾ ಅನ್ನಲಿಲ್ಲ.

"ನೀವೇನು ದೇವರ ಅಕ್ಕೋರು? ನಾ ಕಥಿ ಕೇಳಾಕ ಕಳ್ಸಿದ್ನೆವ್ವಾ, ಹುಡುಗಿ ಅಂಜಿ ಬರ್ಲಿ ಅಂತ ಅಲ್ಲ. ಸೊಸಿಗೂ ಇನ್ ಹೋಗಬ್ಯಾಡ ಅಂದೀನಿ. ನಾಕ್ ಮಂದ್ಯಾಗ ಅಕಿ ಮಾನ ತಗದ್ರಂತ, ಯಾಕ ಹೋಗ್ಬೇಕು?"

"ತಪ್ಪು ನಂದ್ರಿ ಆಯಿ. ಅವರದಲ್ಲ. ಅದನ್ನ ಹೇಳಾಕ ಬಂದೀನಿ."

"ನನಗ್ಯಾಕ ಹೇಳ್ತೀರಿ." ಹೂವಿನ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದು, ಗದ್ದ ಎತ್ತಿ ಒಳಗೆ ತೋರಿಸಿದಳು. "ಅಲ್ಲಿ ಅದಾಳ ನೋಡ್ರಿ."

ಪಡಸಾಲೆಯಲ್ಲಿ ಸಣ್ಣಾಕಿ ಮಣೆಯ ಮುಂದೆ ಕೂತಿದ್ದಳು. ಮಣೆಯ ಮೇಲೆ ಗುಳ್ಳವ್ವ ಅರ್ಧ ಸಿದ್ಧಳಾಗಿದ್ದಳು. ನನ್ನನ್ನು ಕಂಡವಳೇ ಎರಡೂ ಅಂಗೈಯಿಂದ ಗೊಂಬೆಯನ್ನು ಮುಚ್ಚಿದಳು. ಅವಳ ಕಣ್ಣು ಮತ್ತೆ ನನ್ನ ತಲೆಯ ಮೇಲೆ ಹೋಯಿತು.

ನಾನು ದೂರದಲ್ಲೇ ನೆಲಕ್ಕೆ ಕೂತೆ. "ಓಢಣಿ ಇಲ್ಲ ನೋಡು" ಅಂದೆ. "ಅವತ್ತು ಮುರಿದಾಕಿ ನಾನು. ದೇವರಲ್ಲ."

"ಓಢಣಿ ತಲಿಮ್ಯಾಲಿತ್ತು."

"ತಗ್ಯಾಕ ಮರ್ತಿದ್ನಿ. ಅದರೊಳಗ ನಾನೇ ಇದ್ದೆ. ದೇವರು ಮುರ್ಯಂಗಿಲ್ಲವಾ, ನಾ ಮುರಿದೆ. ನಂದು ತಪ್ಪಾತು."

ನಂಬಿದಳೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಆಮೇಲೆ ಒಂದು ಕೈಯನ್ನು ಗೊಂಬೆಯ ಮೇಲೇ ಇಟ್ಟುಕೊಂಡು, ಇನ್ನೊಂದರಿಂದ ಪರಾತದ ತಟ್ಟೆಯೊಳಗಿನ ಮಣ್ಣನ್ನು ಸ್ವಲ್ಪ ಚಿವುಟಿ ನನ್ನ ಕಡೆ ನೂಕಿದಳು. ಅಷ್ಟಕ್ಕೇ ನನ್ನ ಕಣ್ಣು ತುಂಬಿತು.

ಇಬ್ಬರೂ ಗೊಂಬೆ ಮಾಡುತ್ತ ಕೂತೆವು. ನಾನೂ ಗುಳ್ಳವ್ವನನ್ನೇ ಮಾಡಿದೆ. ಕೆಳಗೆ ಅಗಲ, ಮೇಲೆ ಚೂಪು, ಕಾಲು ಮಡಚಿ ಕೂತವಳು. ಕೈಗೆ ಎಲ್ಲ ನೆನಪಿತ್ತು. ಅವಳು ಒಂದೊಂದೇ ಕುಸುಬಿ ಕಾಳು ಎಣಿಸಿಕೊಟ್ಟಳು, ನಾನು ಒತ್ತಿದೆ. ಅವ್ವ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತದ್ದು ಗೊತ್ತಾಯಿತು. ತಲೆ ಎತ್ತಿ ಅವಳನ್ನು ನೋಡಿ, ಕ್ಷಮಿಸ್ರಿ ಅಂದೆ. ಅವಳು ಅಲ್ಲಿಂದ ಹೋಗಲಿಲ್ಲ.

ಗೊಂಬೆ ಮುಗಿಯಿತು. ರೂಢಿ ಕೆಟ್ಟದ್ದು. ನೆಲದ ಮೇಲಿದ್ದ ಕಡ್ಡಿ ಎತ್ತಿ ಮೂಗಿನ ಹೊಳ್ಳೆ ಎರಡನ್ನೂ ಚುಚ್ಚಿ, ಊದಲೆಂದು ಬಾಗಿದೆ. ಸಣ್ಣಾಕಿಯ ಒದ್ದೆ ಕೈ ಬಂದು ನನ್ನ ಬಾಯಿಗೂ ಗೊಂಬೆಗೂ ನಡುವೆ ನಿಂತಿತು.

"ಊದಬ್ಯಾಡ್ರಿ ಅಕ್ಕೋರ."

"ಯಾಕವಾ?"

"ನಾಳಿ ಹೊಳಿಗಿ ಬಿಡ್ತೇವ್ರಿ. ಜೀವ ಇದ್ರ ನೋಯ್ತದ."

ಆಗ ಅವಳ ಗುಳ್ಳವ್ವನನ್ನು ಸರಿಯಾಗಿ ನೋಡಿದೆ. ಕಾಳು, ಗುಲಗಂಜಿ, ಹೂವಿನ ಸರ ಎಲ್ಲ ಇತ್ತು. ಮೂಗಿರಲಿಲ್ಲ. ಮುಖದ ಆ ಜಾಗವನ್ನು ನೀರು ಹಚ್ಚಿ ನುಣ್ಣಗೆ ಸವರಿದ್ದಳು.

ನನ್ನ ಗೊಂಬೆಯನ್ನು ಮೆಲ್ಲಗೆ ತನ್ನತ್ತ ತೆಗೆದುಕೊಂಡಳು. ಕಿರುಬೆರಳಿನ ತುದಿಯಿಂದ ಹಸಿ ಮಣ್ಣು ತೆಗೆದು ಒಂದು ಹೊಳ್ಳೆ ಮುಚ್ಚಿದಳು, ಇನ್ನೊಂದು ಮುಚ್ಚಿದಳು, ಹೆಬ್ಬೆರಳಿನಿಂದ ಸವರಿದಳು. "ಈಗ ಆತು" ಎಂದು ಅದನ್ನು ತನ್ನದರ ಪಕ್ಕ ಮಣೆಯ ಮೇಲೆ ಕೂಡಿಸಿದಳು. ಊದಲೆಂದು ಎಳೆದುಕೊಂಡ ಉಸಿರು ನನ್ನ ಬಾಯಲ್ಲೇ ಇತ್ತು, ಅದನ್ನು ಎಲ್ಲಿ ಬಿಡಬೇಕೆಂದು ತಿಳಿಯದೆ ಮುಖ ಆಚೆ ತಿರುಗಿಸಿದೆ.